ಪಟ್ಟಿ ಯಾರ ಕೈಯಲ್ಲಿದೆ

ಡಿಸೆಂಬರ್ 10, ಮಾನವ ಹಕ್ಕುಗಳ ದಿನ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಅವತ್ತು ಮಾತಾಡಲು ಕರೆದಿದ್ದರು. ನಾಲ್ಕು ಸಾಲು ಗುರುತು ಹಾಕಿಕೊಂಡು ಹೋಗಿ ಮಾತಾಡಿದೆ. ಆಮೇಲೆ ಕೆಲವರು ಬರೆದು ಕೊಡಿ ಎಂದರು. ಹೇಳಿದ್ದನ್ನೇ ಬರೆದಿದ್ದೇನೆ, ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇದು ಅಡಿಕೆ ಕೊಯ್ಲಿನ ಹೊತ್ತು. ಮನೆಯಲ್ಲಿ ಸುಲಿಯುವವರಿಗೆ ಕಾಫಿ ತಿಂಡಿ ನೋಡಿಕೊಳ್ಳುವುದನ್ನು ಬಿಟ್ಟು ಬಂದವರೂ ಇಲ್ಲಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ಬೆಳೆದದ್ದು ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಇದ್ದ ಊರು. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಬಂದವರು ಅಲ್ಲೇ ನೆಲೆ ನಿಂತರು. ನಮ್ಮ ಒಂದು ಸಾಲಿನಲ್ಲೇ ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವ ಮನೆಗಳಿದ್ದವು. ಪಕ್ಕದ್ದು ತಮಿಳಿನವರ ಮನೆ. ಆ ಮನೆಯ ಹೆಂಗಸನ್ನು ನಾನು ಅತ್ತೆ ಅಂತಲೇ ಕರೆಯುತ್ತಿದ್ದೆ.

1991ರ ಡಿಸೆಂಬರ್. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾಯಿತು. 12, 13ನೇ ತಾರೀಕು ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿ ನಡೆಯಿತು. ಜನ ಸತ್ತರು. ಸಾವಿರಾರು ಮಂದಿ ಊರು ಬಿಟ್ಟರು. ನಾನಾಗ ಪಿಯುಸಿ ಓದುತ್ತಿದ್ದೆ. ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ, ಒಂದು ಕಲ್ಲೂ ಬೀಳಲಿಲ್ಲ. ಆದರೆ ಒಂದು ಸಂಜೆ ಅತ್ತೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದರು. ಯಾವತ್ತೂ ಮುಂಬಾಗಿಲಿನಿಂದ, ಅದೂ ದೂರದಿಂದಲೇ ಅಮ್ಮನನ್ನು ಕೂಗುತ್ತಾ ಬರುವವರು. ಸೆರಗಿನ ಒಳಗೆ ಒಂದು ಸ್ಟೀಲ್ ಡಬ್ಬಿ, ಹಪ್ಪಳ ಹಾಕಿಡುವಂಥದ್ದು. ಅಮ್ಮ ಮುಚ್ಚಳ ತೆಗೆದರು. ಮೇಲೆ ಒಂದು ಜೊತೆ ಬಳೆ, ಕೆಳಗೆ ಮಕ್ಕಳ ಮಾರ್ಕ್ಸ್ ಕಾರ್ಡು, ಅದಕ್ಕೂ ಕೆಳಗೆ ರೇಷನ್ ಕಾರ್ಡು. ಬಳೆ ಯಾಕೆ ಅಂತ ನನಗೆ ತಿಳಿಯಿತು. ರೇಷನ್ ಕಾರ್ಡ್ ಯಾಕೆ ಅಂತ ತಿಳಿಯಲಿಲ್ಲ. ಕೇಳಿಯೇಬಿಟ್ಟೆ.

"ಅದರಲ್ಲಿ ಹೆಸರೆಲ್ಲಾ ಇದೆಯಲ್ಲಮ್ಮ" ಅಂದರು.

ಆ ಮಾತು ನನಗೆ ಅರ್ಥ ಆಗಲು ಎಷ್ಟೋ ವರ್ಷ ಬೇಕಾಯಿತು. ವಕೀಲಿ ಶುರು ಮಾಡಿ, ಬೇರೆ ಬೇರೆ ದೇಶಗಳಲ್ಲಿ ನಡೆದದ್ದನ್ನು ಓದುತ್ತಾ ಹೋದಾಗ ಪ್ರತಿ ಸಲವೂ ಕಣ್ಣಿಗೆ ಬಿದ್ದದ್ದು ಅದೇ. ಹೆಸರು. ಹೆಸರಿನ ಪಟ್ಟಿ.

ಶ್ರೀಲಂಕಾ ತಗೊಳ್ಳಿ. 1983ರ ಜುಲೈ 23ರ ರಾತ್ರಿ ಜಾಫ್ನಾದ ತಿರುನೆಲ್ವೇಲಿಯಲ್ಲಿ ಎಲ್‌ಟಿಟಿಇ, ಅಂದರೆ ತಮಿಳರಿಗೆ ಪ್ರತ್ಯೇಕ ದೇಶ ಬೇಕು ಅಂತ ಬಂದೂಕು ಹಿಡಿದ ಸಂಘಟನೆ, ಹೊಂಚು ಹಾಕಿ 13 ಸೈನಿಕರನ್ನು ಕೊಂದಿತು. ಮರುದಿನ ಕೊಲಂಬೊದಲ್ಲಿ ತಮಿಳರ ಮೇಲೆ ದಾಳಿ ಶುರುವಾಯಿತು. ಸೈನಿಕರನ್ನು ಕೊಂದವರು ಇದ್ದದ್ದು ದೂರದ ಉತ್ತರದಲ್ಲಿ. ಏಟು ತಿಂದವರು ಕೊಲಂಬೊದ ಗುಮಾಸ್ತರು, ಅಂಗಡಿಯವರು, ಶಾಲೆಯ ಟೀಚರುಗಳು. ದಾಳಿ ಮಾಡಿದ ಕೆಲವು ಗುಂಪುಗಳ ಕೈಯಲ್ಲಿ ಮತದಾರರ ಪಟ್ಟಿ ಇತ್ತು. ಒಂದೇ ಬೀದಿಯಲ್ಲಿ ಯಾವ ಮನೆ ಸುಡಬೇಕು, ಯಾವುದನ್ನು ಬಿಡಬೇಕು ಅಂತ ಅದನ್ನು ನೋಡಿ ಗುರುತು ಹಿಡಿದರು. ಪಟ್ಟಿ ಇಲ್ಲದ ಕಡೆ ನಾಲಿಗೆ ನೋಡಿದರು. ಬಸ್ಸು ನಿಲ್ಲಿಸಿ, ಬಾಲ್ದಿಗೆ ಸಿಂಹಳದಲ್ಲಿ ಏನಂತಾರೋ ಆ ಪದವನ್ನು ಹೇಳಿಸುತ್ತಿದ್ದರು. ಅವರದ್ದು 'ಬಾಲ್ದಿಯ'. ನಾವು ಮಲೆನಾಡಿನವರು ದಿನಾ ಬಾವಿಕಟ್ಟೆಯಲ್ಲಿ ಆಡುವ ಪದವೇ, ಇಬ್ಬರಿಗೂ ಪೋರ್ಚುಗೀಸರಿಂದ ಬಂದದ್ದು. ತಮಿಳು ನಾಲಿಗೆಗೆ ಮೊದಲಕ್ಷರ 'ವ' ಆಗಿಬಿಡುತ್ತಿತ್ತು. ಅಷ್ಟು ಸಾಕಾಗಿತ್ತು. ಬದುಕಿ ಬಂದವರು ಹೇಳಿರುವ ಮಾತಿದು. ಒಂದು ಬಾಲ್ದಿ, ಒಂದು ಅಕ್ಷರ. ಬಾವಿಗೆ ಹಗ್ಗ ಬಿಡುವಾಗ ನನಗೆ ಈಗಲೂ ಇದು ನೆನಪಾಗುತ್ತದೆ.

ನಮ್ಮ ದೇಶದಲ್ಲೂ ಅಷ್ಟೇ. 1984ರ ದೆಹಲಿಯಲ್ಲಿ ಸಿಖ್ಖರ ಮನೆಗಳನ್ನು ಮತದಾರರ ಪಟ್ಟಿ ಹಿಡಿದು ಹುಡುಕಿದರು ಅಂತ ಸಂತ್ರಸ್ತರು ಪ್ರಮಾಣಪತ್ರಗಳಲ್ಲಿ ಹೇಳಿದ್ದಾರೆ. ಸರ್ಕಾರದ ಲೆಕ್ಕದಲ್ಲೇ ದೆಹಲಿ ಒಂದರಲ್ಲಿ ಸತ್ತವರು 2733 ಮಂದಿ. ರುವಾಂಡಾದಲ್ಲಿ 1930ರ ದಶಕದಲ್ಲಿ ಬೆಲ್ಜಿಯಂನವರು ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ ಅಂತ ಜನಾಂಗದ ಹೆಸರು ಬರೆಸಿದರು. ಆಗ ಅದು ಬರೀ ಆಡಳಿತದ ಅನುಕೂಲಕ್ಕೆ. 1994ರಲ್ಲಿ ರಸ್ತೆ ತಡೆಗಳಲ್ಲಿ ಅದೇ ಚೀಟಿ ತೋರಿಸಿ ಅಂದರು. ನೂರು ದಿನದಲ್ಲಿ ಸುಮಾರು 8 ಲಕ್ಷ ಜನರ ಜೀವ ಹೋಯಿತು.

ಅತ್ತೆ ಇದನ್ನೆಲ್ಲ ಓದಿದವರಲ್ಲ. ಅವರಿಗೆ ಸುಮ್ನೆ ಗೊತ್ತಿತ್ತು.

ಅಲ್ಪಸಂಖ್ಯಾತರು ಅಂದ ತಕ್ಷಣ ನಮ್ಮ ತಲೆಯಲ್ಲಿ ಒಂದೇ ಚಿತ್ರ ಬರುತ್ತದೆ, ಯಾವ ಧರ್ಮ, ಯಾವ ಭಾಷೆ ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಅದನ್ನು ಬಿಡಬೇಕು. ಶ್ರೀಲಂಕಾದಲ್ಲಿ ತಮಿಳರು ಅಲ್ಪಸಂಖ್ಯಾತರು, ಸರಿ. ಆದರೆ ಜಾಫ್ನಾದಲ್ಲಿ ಅವರೇ ಬಹುಸಂಖ್ಯಾತರು. 1990ರ ಅಕ್ಟೋಬರ್‌ನಲ್ಲಿ ಅದೇ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಮುಸ್ಲಿಮರನ್ನೆಲ್ಲ ಹೊರಗೆ ಹಾಕಿತು. 70 ಸಾವಿರಕ್ಕೂ ಹೆಚ್ಚು ಜನ. ಜಾಫ್ನಾ ಪಟ್ಟಣದಲ್ಲಿ ಕೊಟ್ಟ ಸಮಯ ಎರಡು ಗಂಟೆ. ಅವರ ಮನೆಮಾತೂ ತಮಿಳೇ. ಭಾಷೆ ಅವರನ್ನು ಕಾಯಲಿಲ್ಲ. ಎರಡು ಗಂಟೆಯಲ್ಲಿ ಮನೆಯಿಂದ ಏನು ತಗೊಂಡು ಹೋಗಬಹುದು? ನೀವೇ ಯೋಚಿಸಿ. ಒಡವೆ, ದುಡ್ಡು ತಪಾಸಣೆಯಲ್ಲಿ ಹೋಯಿತು. ಎಷ್ಟೋ ಮನೆಗಳ ಜಮೀನಿನ ಕಾಗದವೂ ಹೋಯಿತು. 2009ರಲ್ಲಿ ಸರ್ಕಾರ, ಎಲ್‌ಟಿಟಿಇ ನಡುವಿನ ಯುದ್ಧ ಮುಗಿದ ಮೇಲೆ ಹಿಂದೆ ಬಂದವರಿಗೆ ಇದು ನಮ್ಮ ಮನೆ ಅಂತ ತೋರಿಸುವುದೇ ದೊಡ್ಡ ಕಷ್ಟ ಆಯಿತು. ಕಾಗದ ಇಲ್ಲದೆ ನೆಲ ಕಳೆದುಕೊಂಡವರ ಪಾಡನ್ನು ಶರಾವತಿ ಮುಳುಗಡೆ ಕಂಡ ಈ ಜಿಲ್ಲೆಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಮಣಿಪುರದಲ್ಲೂ ಇದೇ ಆಯಿತು. 2023ರ ಮೇ 3ರಂದು ಕುಕಿ, ಮೈತೇಯಿ ಸಮುದಾಯಗಳ ನಡುವೆ ಶುರುವಾದ ಹಿಂಸೆಯಲ್ಲಿ ಕಣಿವೆಯ ಇಂಫಾಲದಲ್ಲಿದ್ದ ಕುಕಿಗಳು ಬೆಟ್ಟಕ್ಕೆ ಓಡಿದರು, ಬೆಟ್ಟದ ಚುರಾಚಾಂದ್‌ಪುರದಲ್ಲಿದ್ದ ಮೈತೇಯಿಗಳು ಕಣಿವೆಗೆ ಓಡಿದರು. ಯಾರು ಎಲ್ಲಿ ಕಡಿಮೆ ಇದ್ದರೋ ಅವರು ಅಲ್ಲಿಂದ ಓಡಿದರು. 250ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60 ಸಾವಿರ ಜನ ಮನೆ ಕಳೆದುಕೊಂಡರು. ಅವರಲ್ಲಿ ಯಾರ ಪರ ನೀವು ಅಂತ ನನ್ನನ್ನು ಕೇಳುತ್ತಾರೆ. ಓಡಿದವರ ಪರ. ಎರಡೂ ಕಡೆ ಓಡಿದವರ ಪರ.

ಈಗ ಕಾನೂನು. ಬೇಸರ ಮಾಡಿಕೊಳ್ಳಬೇಡಿ, ಇದು ಎಲ್ಲರಿಗೂ ಗೊತ್ತಿರಬೇಕು.

ಒಂದು ದೇಶದ ಒಳಗೇ ಬಂದೂಕು ಹಿಡಿದ ಗುಂಪುಗಳ ನಡುವೆ ಯುದ್ಧದ ಮಟ್ಟದ ಹೊಡೆದಾಟ ನಡೆದರೆ 1949ರ ಜಿನೀವಾ ಒಪ್ಪಂದಗಳ 3ನೇ ವಿಧಿ ಬರುತ್ತದೆ. ನಾಲ್ಕೂ ಒಪ್ಪಂದಗಳಲ್ಲಿ ಅದು ಒಂದೇ. ಆಯುಧ ಹಿಡಿಯದವರನ್ನು, ಆಯುಧ ಕೆಳಗಿಟ್ಟವರನ್ನು, ಗಾಯಾಳುಗಳನ್ನು ಮುಟ್ಟಬಾರದು. ಒತ್ತೆ ಇಟ್ಟುಕೊಳ್ಳಬಾರದು, ಹಿಂಸೆ ಕೊಡಬಾರದು, ಮಾನ ಕಳೆಯಬಾರದು. ಜಾತಿ, ಧರ್ಮ, ಬಣ್ಣ ನೋಡಿ ಭೇದ ಮಾಡಬಾರದು. ಈ ವಿಧಿ ಸರ್ಕಾರಕ್ಕೂ ಅನ್ವಯಿಸುತ್ತದೆ, ಸರ್ಕಾರದ ವಿರುದ್ಧ ನಿಂತ ಗುಂಪಿಗೂ ಅನ್ವಯಿಸುತ್ತದೆ. ನಮ್ಮದು ನ್ಯಾಯದ ಹೋರಾಟ, ಹಾಗಾಗಿ ಇದು ನಮಗಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಅಷ್ಟು ಮಟ್ಟಕ್ಕೆ ಹೋಗದ ಗಲಭೆಗಳಲ್ಲಿ ಜೀವದ ಹಕ್ಕು ಕೊಡುವ ನಮ್ಮ ಸಂವಿಧಾನದ 21ನೇ ವಿಧಿ ಇದೆ. ಅದರಲ್ಲಿ ಇರುವ ಪದ 'ವ್ಯಕ್ತಿ', 'ನಾಗರಿಕ' ಅಲ್ಲ. ಈ ಒಂದು ಪದದ ಬೆಲೆ ಏನು ಅಂತ ಚಕ್ಮಾ ಎಂಬ ಬುಡಕಟ್ಟಿನವರ ಕೇಸು ಓದಿದರೆ ಗೊತ್ತಾಗುತ್ತದೆ. ಆಗಿನ ಪೂರ್ವ ಪಾಕಿಸ್ತಾನದಲ್ಲಿ ಕಾಪ್ಟಾಯಿ ಅಣೆಕಟ್ಟು ಕಟ್ಟಿ ಸುಮಾರು 1 ಲಕ್ಷ ಜನರ ಊರು ಮುಳುಗಿಸಿದರು. ಅವರಲ್ಲಿ ಚಕ್ಮಾಗಳೇ ಜಾಸ್ತಿ. 1964ರಲ್ಲಿ ಎಷ್ಟೋ ಮಂದಿ ಭಾರತಕ್ಕೆ ಬಂದರು. ನಮ್ಮ ಲಿಂಗನಮಕ್ಕಿಯಲ್ಲಿ ನೀರು ನಿಂತದ್ದೂ ಅದೇ ವರ್ಷ ಅಲ್ವಾ. ಬಂದವರನ್ನು ಅರುಣಾಚಲದಲ್ಲಿ ಇರಿಸಿದರು. 1990ರ ದಶಕದಲ್ಲಿ ಅಲ್ಲಿನ ಒಂದು ಸಂಘಟನೆ ಊರು ಬಿಡಿ ಅಂತ ಅವರಿಗೆ ಗಡುವು ಕೊಟ್ಟಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಜನವರಿಯಲ್ಲಿ ಕೋರ್ಟು ಹೇಳಿದ್ದು ಇಷ್ಟು: ನಾಗರಿಕರಿರಲಿ, ಇಲ್ಲದಿರಲಿ, ಪ್ರತಿ ಮನುಷ್ಯನ ಜೀವ ಕಾಯುವುದು ಸರ್ಕಾರದ ಕೆಲಸ. ಯಾವುದೋ ಗುಂಪು ಬೆದರಿಸಿ ಓಡಿಸುವುದನ್ನು ಬಿಡುವಂತಿಲ್ಲ. ಬೇಕಾದರೆ ಅರೆಸೇನಾ ಪಡೆ ಕರೆಸಿ. ನನ್ನ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಸಲ ತೆಗೆದು ಓದಿದ ತೀರ್ಪುಗಳಲ್ಲಿ ಇದೂ ಒಂದು.

ಕಾನೂನು ಇದ್ದೂ ಜನ ಸಾಯುವುದು ಯಾಕೆ? ಹೆಚ್ಚಿನ ಸಲ ಹೇಳಿದ ಮಾತಿಗೂ ಮಾಡುವ ಕೆಲಸಕ್ಕೂ ನಡುವೆ ಇರುವ ಕಂದಕದಲ್ಲಿ ಸಾಯುತ್ತಾರೆ. ಬೋಸ್ನಿಯಾದ ಸ್ರೆಬ್ರೆನಿಟ್ಸಾವನ್ನು ವಿಶ್ವಸಂಸ್ಥೆ 1993ರಲ್ಲಿ 'ಸುರಕ್ಷಿತ ಪ್ರದೇಶ' ಅಂತ ಘೋಷಿಸಿತು. ಆ ಮಾತು ನಂಬಿ ಸುತ್ತಲ ಹಳ್ಳಿಗಳ ಬೋಸ್ನಿಯನ್ ಮುಸ್ಲಿಮರು ಅಲ್ಲಿ ಸೇರಿದರು. ಅದನ್ನು ಕಾಯಲು ಇದ್ದದ್ದು ಕೆಲವೇ ನೂರು ಡಚ್ ಸೈನಿಕರು. 1995ರ ಜುಲೈ 11ರಂದು ಬೋಸ್ನಿಯನ್ ಸರ್ಬ್ ಸೇನೆ ಒಳಗೆ ಬಂತು. ಮುಂದಿನ ಕೆಲವೇ ದಿನಗಳಲ್ಲಿ 8 ಸಾವಿರಕ್ಕೂ ಹೆಚ್ಚು ಗಂಡಸರನ್ನು, ಹುಡುಗರನ್ನು ಕೊಂದರು. ಶ್ರೀಲಂಕಾದಲ್ಲಿ 2009ರ ಜನವರಿಯಿಂದ ಸರ್ಕಾರ 'ಗುಂಡು ಹಾರಿಸದ ವಲಯ' ಅಂತ ಗುರುತು ಮಾಡಿತು. ಜನ ಅಲ್ಲಿಗೆ ಹೋದರು, ಶೆಲ್ ಅಲ್ಲಿಗೇ ಬಿತ್ತು. ಹೊರಗೆ ಬರೋಣ ಅಂದರೆ ಎಲ್‌ಟಿಟಿಇ ಬಿಡಲಿಲ್ಲ, ಓಡಿದವರಿಗೆ ಗುಂಡು ಹೊಡೆಯಿತು, ಮಕ್ಕಳನ್ನು ಬಲವಂತವಾಗಿ ಯುದ್ಧಕ್ಕೆ ಎಳೆಯಿತು. ಕೊನೆಯ ತಿಂಗಳುಗಳಲ್ಲಿ 40 ಸಾವಿರದವರೆಗೂ ನಾಗರಿಕರು ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಆ ನರಕದ ನಡುವೆಯೂ ರೆಡ್‌ಕ್ರಾಸ್‌ನವರು ದೋಣಿ, ಹಡಗು ತಂದು ಪುದುಮಾತಳನ್ ದಡದಿಂದ 13 ಸಾವಿರಕ್ಕೂ ಹೆಚ್ಚು ಗಾಯಾಳುಗಳನ್ನು, ರೋಗಿಗಳನ್ನು, ಅವರ ಜೊತೆಗಿದ್ದವರನ್ನು ಸಾಗಿಸಿದರು. ಕಾಯುತ್ತೇವೆ ಅಂತ ಮಾತು ಕೊಟ್ಟು ಕಾಯದಿರುವುದು, ಮಾತೇ ಕೊಡದೆ ಇರುವುದಕ್ಕಿಂತ ಕೆಟ್ಟದ್ದು. ಜನ ಮಾತು ನಂಬಿ ಒಂದೇ ಕಡೆ ಸೇರಿರುತ್ತಾರೆ.

ನಮ್ಮ ಹತ್ತಿರದ ಒಂದು ವಿಷಯಕ್ಕೆ ಬರುತ್ತೇನೆ. 2012ರ ಜುಲೈನಲ್ಲಿ ಅಸ್ಸಾಂನ ಕೊಕ್ರಜಾರ್ ಕಡೆ ಬೋಡೊಗಳು ಮತ್ತು ಮುಸ್ಲಿಮರ ನಡುವೆ ಹಿಂಸೆ ನಡೆಯಿತು. ಆಗಸ್ಟ್ ಮಧ್ಯದಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯದವರ ಫೋನಿಗೆ ಎಸ್‌ಎಂಎಸ್ ಬರಲು ಶುರು, ಅದಕ್ಕೆ ಸೇಡಾಗಿ ನಿಮ್ಮ ಮೇಲೆ ದಾಳಿ ಆಗುತ್ತದೆ ಅಂತ. ಎರಡು ಮೂರು ದಿನದಲ್ಲಿ ಸಾವಿರಾರು ಜನ ಸಿಟಿ ರೈಲ್ವೆ ಸ್ಟೇಷನ್ನಿನಲ್ಲಿ. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಯಾರೂ ಹೊಡೆಯುವ ಮೊದಲೇ ಊರು ಖಾಲಿ. ಕೇಂದ್ರ ಸರ್ಕಾರ 15 ದಿನ ಗುಂಪು ಎಸ್‌ಎಂಎಸ್ ನಿಲ್ಲಿಸಿ, 5ಕ್ಕೆ ಮಿತಿ ಹಾಕಿತು. ಪೂರ್ತಿ ಬಾಯಿ ಕಟ್ಟಲಿಲ್ಲ, ವೇಗ ಕಡಿಮೆ ಮಾಡಿತು. ನನಗೆ ಅದು ಸರಿಯಾದ ದಾರಿ ಅನಿಸುತ್ತದೆ. ಮಣಿಪುರದಲ್ಲಿ ಇಂಟರ್‌ನೆಟ್ ಪೂರ್ತಿ ನಿಲ್ಲಿಸಿದರು. ಸುಳ್ಳು ಸುದ್ದಿ ಹರಡಬಾರದು ಅಂತ. ಮೇ 4ರಂದು ಗುಂಪೊಂದು ಮಹಿಳೆಯರನ್ನು ಬೆತ್ತಲೆ ಮಾಡಿ ನಡೆಸಿಕೊಂಡು ಹೋದ ವಿಡಿಯೊವನ್ನು ದೇಶ ನೋಡಿದ್ದು ಜುಲೈ 19ರಂದು. ಎರಡೂವರೆ ತಿಂಗಳು. ಗಾಳಿಸುದ್ದಿಯ ಬಾಯಿ ಮುಚ್ಚಲು ಹೋಗಿ ಕೂಗಿಕೊಳ್ಳುವವರ ಬಾಯಿಯನ್ನೂ ಮುಚ್ಚಿದರೆ ಹೀಗಾಗುತ್ತದೆ. ಆಮೇಲೆ ಸುಪ್ರೀಂ ಕೋರ್ಟು ಗೀತಾ ಮಿತ್ತಲ್ ಅವರ ನೇತೃತ್ವದಲ್ಲಿ ಹೈಕೋರ್ಟುಗಳ ಮೂವರು ನಿವೃತ್ತ ಮಹಿಳಾ ನ್ಯಾಯಮೂರ್ತಿಗಳ ಸಮಿತಿ ಮಾಡಿತು. ಒಳ್ಳೆಯದೇ. ಆದರೆ ಅದು ಆಗಸ್ಟ್‌ನಲ್ಲಿ. ಜೀವ ಉಳಿಯುವುದು, ಹೋಗುವುದು ಮೊದಲ ಎರಡು ದಿನದಲ್ಲಿ.

ಆ ಎರಡು ದಿನದಲ್ಲಿ ಮಾಡಬೇಕಾದ ಕೆಲಸಗಳು ತೀರಾ ಸಾದಾ. ಡಿಸಿ ಬರೀ ನಿಷೇಧಾಜ್ಞೆ ಹೊರಡಿಸಿ ಕೂತರೆ ಸಾಲದು. ನಾವು ಈಗಲೂ 144 ಅಂತಲೇ ಕರೆಯುವ ಆ ಆದೇಶ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಕಾನೂನಿನ 163ನೇ ಕಲಂ ಆಗಿದೆ. ಶಿವಮೊಗ್ಗದವರು ಅದನ್ನು ಎಷ್ಟೋ ಸಲ ನೋಡಿದ್ದೀರಿ. ಯಾವ ಬೀದಿಯಲ್ಲಿ ಯಾರು ಒಂಟಿಯಾಗಿದ್ದಾರೋ ಆ ಬೀದಿಗೆ ಮೊದಲು ಪೊಲೀಸ್ ಹೋಗಬೇಕು. ಓಡಿ ಹೋದವರು ಯಾವ ಠಾಣೆಗೆ ಹೋದರೂ ದೂರು ತಗೊಳ್ಳಬೇಕು, ಅದೇ ಜೀರೋ ಎಫ್‌ಐಆರ್. ನಮ್ಮ ಲಿಮಿಟ್ಟಿಗೆ ಬರಲ್ಲ ಅಂತ ಕಳಿಸುವ ಹಾಗಿಲ್ಲ. ಸುಟ್ಟ ಮನೆಯ ಮಹಜರು ಮಳೆ ಬರುವ ಮೊದಲು ಆಗಬೇಕು. ಇದನ್ನು ಮಲೆನಾಡಿನಲ್ಲಿ ನಿಂತು ಹೇಳುತ್ತಿದ್ದೇನೆ, ಜೂನ್‌ನಲ್ಲಿ ಎರಡು ದಿನ ತಡ ಮಾಡಿದರೆ ಇಲ್ಲಿ ಬೂದಿಯೂ ಉಳಿಯುವುದಿಲ್ಲ.

ಮತ್ತೆ ಆ ಪಟ್ಟಿಯ ವಿಷಯ. ಕೊಲ್ಲಲು ಬಳಸಿದ ಹೆಸರನ್ನೇ ಆಮೇಲೆ ನ್ಯಾಯಕ್ಕೂ ಬಳಸಬೇಕು. ಯಾರು ಕಾಣೆಯಾದರು, ಕೊನೆಗೆ ಎಲ್ಲಿ ಕಂಡರು, ಯಾರ ಜೊತೆ ಇದ್ದರು ಅಂತ ಅವತ್ತೇ ಬರೆದಿಟ್ಟುಕೊಂಡವರಿಂದಲೇ ಮುಂದೆ ಕೇಸು ನಿಂತಿದೆ. ಬೋಸ್ನಿಯಾದಲ್ಲಿ ಸಾಮೂಹಿಕ ಗೋರಿಗಳಿಂದ ಮೂಳೆ ತೆಗೆದು, ಡಿಎನ್‌ಎ ಹೋಲಿಸಿ, ಒಬ್ಬೊಬ್ಬರಿಗೂ ಹೆಸರು ಹಿಂದಿರುಗಿಸುತ್ತಾ ಬಂದಿದ್ದಾರೆ. ಸ್ರೆಬ್ರೆನಿಟ್ಸಾದಲ್ಲಿ ಸತ್ತವರಿಗಾಗಿ ಇರುವ ಪೊಟೊಚಾರಿ ಸ್ಮಾರಕದ ಕಲ್ಲಿನ ಮೇಲೆ ಕೆತ್ತಿದ ಸಂಖ್ಯೆ 8372. ಪ್ರತಿ ಜುಲೈ 11ಕ್ಕೆ ಹೊಸದಾಗಿ ಗುರುತು ಸಿಕ್ಕವರನ್ನು ಅಲ್ಲಿ ಮಣ್ಣು ಮಾಡುತ್ತಾರೆ. ಚುರಾಚಾಂದ್‌ಪುರದಲ್ಲಿ 2023ರ ಡಿಸೆಂಬರ್ 20ರಂದು 87 ಜನರನ್ನು ಒಟ್ಟಿಗೆ ಮಣ್ಣು ಮಾಡಿದರು. ಅವರಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ಶವಾಗಾರದಲ್ಲಿದ್ದವರು. ಸತ್ತವರನ್ನು ಮನೆಯವರ ಕೈಗೆ ಕೊಡುವುದೂ ಹಕ್ಕೇ. ಅದನ್ನು ಯಾರೂ ಮೊದಲ ಸಾಲಿನಲ್ಲಿ ಹೇಳುವುದಿಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬರೆದುಕೊಳ್ಳಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987. ಅದರ 12ನೇ ಕಲಂನಲ್ಲಿ ಉಚಿತ ವಕೀಲರ ನೆರವು ಯಾರಿಗೆ ಅಂತ ಇದೆ. ಜನಾಂಗೀಯ ಹಿಂಸೆಗೆ ಸಿಕ್ಕವರು ಅಂತ ಅದರಲ್ಲಿ ಹೆಸರು ಹೇಳಿಯೇ ಬರೆದಿದೆ. ಅವರಿಗೆ ಆದಾಯದ ಮಿತಿ ಇಲ್ಲ. ಫೋನ್ ನಂಬರ್ 15100. ಮಾನವ ಹಕ್ಕುಗಳ ಆಯೋಗದ್ದು 14433.

ಇಷ್ಟಕ್ಕೆ ನನ್ನ ಮಾತು ಮುಗಿದಿತ್ತು. ಪ್ರಶ್ನೆ ಕೇಳಿ ಅಂದೆ.

ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಎದ್ದರು. "ಮೇಡಂ, ನಮ್ಮ ತೋಟದಲ್ಲಿ ಅಸ್ಸಾಮಿನವರು ಹನ್ನೆರಡು ಜನ ಇದ್ದಾರೆ. ಎಲ್ಲರ ಹೆಸರು, ಆಧಾರ್ ಬರೆದು ಇಟ್ಟುಕೊಂಡಿದೀನಿ. ನೀವು ಪಟ್ಟಿ ಅಂದ್ರೆ ಅಪಾಯ ಅಂತೀರಿ. ಬರೀಬಾರದಾ ಹಾಗಾದ್ರೆ?"

ಒಳ್ಳೆಯ ಪ್ರಶ್ನೆ. ಬರೆಯಿರಿ ಅಂದೆ. ಆದರೆ ಅದರಲ್ಲಿ ಏನಿದೆ ಅಂತ ನೋಡಿ. ಊರಿನಲ್ಲಿರುವ ಅವರ ಮನೆಯವರ ಫೋನ್ ನಂಬರ್ ಇದೆಯಾ? ಬರುತ್ತಿರುವ ಸಂಬಳದ ಲೆಕ್ಕ ಇದೆಯಾ? ಹಾಗಿದ್ದರೆ ಅದು ಅವರಿಗಾಗಿ ಮಾಡಿದ ಪಟ್ಟಿ. ಬರೀ ಹೆಸರು, ಧರ್ಮ, ಇರುವ ಜಾಗ ಇದ್ದರೆ ಅದು ಅವರ ಮೇಲೆ ಮಾಡಿದ ಪಟ್ಟಿ. ಬೀಗ ಹಾಕಿ ಇಡಿ. ಠಾಣೆಯಿಂದ ಕೇಳಿದರೆ ಬರೆದು ಕೇಳಲಿ, ಕೊಟ್ಟದ್ದಕ್ಕೆ ಸ್ವೀಕೃತಿ ತಗೊಳ್ಳಿ. ಯಾವುದೋ ಸಂಘದವರು, ಊರಿನ ಹುಡುಗರು ಬಂದು ನಿಮ್ಮಲ್ಲಿ ಎಂಥವರಿದ್ದಾರೆ ಅಂತ ಕೇಳಿದರೆ ಕೊಡಬೇಡಿ. ವಾಟ್ಸಾಪ್ ಗ್ರೂಪಿಗಂತೂ ಹಾಕಲೇಬೇಡಿ. ಮತ್ತೆ ಅವರಿಗೂ ಒಂದು ನಂಬರ್ ಕೊಡಿ, ನಿಮ್ಮದೇ. ರಾತ್ರಿ ಹೊತ್ತು ಭಯ ಆದರೆ ಯಾರ ಮನೆ ಬಾಗಿಲು ತಟ್ಟಬಹುದು ಅಂತ ಈಗಲೇ ಹೇಳಿಡಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನ್ ನಂಬರ್ ಬರೆದುಕೊಂಡಿಲ್ಲ, ಇವತ್ತೇ ಕೇಳ್ತೀನಿ ಅಂದರು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಕೇಳಿದಳು, ಆ ಡಬ್ಬಿ ಏನಾಯ್ತು ಮೇಡಂ ಅಂತ.

ಆರನೇ ದಿನ ಅತ್ತೆ ಬಂದರು, ಮುಂಬಾಗಿಲಿನಿಂದಲೇ. ಬಳೆ ಅಲ್ಲೇ ಹಾಕಿಕೊಂಡರು. ಮಾರ್ಕ್ಸ್ ಕಾರ್ಡು ತಗೊಂಡರು. ರೇಷನ್ ಕಾರ್ಡು ಮಾತ್ರ ಇಲ್ಲೇ ಇರಲಿ ಅಂದರು. ಅಮ್ಮ ಯಾಕೆ ಅಂತ ಕೇಳಲಿಲ್ಲ. ಅದು ನಮ್ಮ ಮನೆಯ ಅಕ್ಕಿ ಡಬ್ಬದ ಹಿಂದೆ ಇತ್ತು. ಸೊಸೈಟಿಗೆ ಹೋಗುವ ದಿನ ಅತ್ತೆ ಬಂದು ತಗೊಂಡು ಹೋಗುತ್ತಿದ್ದರು. ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಮನೆಗೆ ಇಟ್ಟು ಬಂದು ಮತ್ತೆ ಅಮ್ಮನ ಕೈಗೆ ಕೊಡುತ್ತಿದ್ದರು. ಯುಗಾದಿ ಕಳೆಯುವವರೆಗೂ ಹೀಗೇ ನಡೆಯಿತು.